ಪಾಳಿಯೋ, ಚಾಳಿಯೋ?



ಅಕ್ಕಲಕೋಟ ತಾಲೂಕಿನ ಸೋದರಿಯೊಬ್ಬರು ಬರೆದ ಪತ್ರವೊಂದು ಕೆಲವು ವಾರಗಳಿಂದ ನಮ್ಮ ಮೇಜಿನ ಮೇಲಿದೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ, ಸೊಲ್ಲಾಪುರದಲ್ಲಿ ವಾಣಿಜ್ಯ ಪದವಿ ಪಡೆದು, ಈಗ ಅದೇ ನಗರದ ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿರುವವರು ಅವರು. ಆ ಮನೆಗೆ ತಿಂಗಳ ಸಂಬಳವನ್ನು ತಂದ ಮೊದಲ ಜೀವ. ತಂದೆಯ ಜೋಳದ ಹೊಲ ಮಳೆಯನ್ನು ನಂಬಿದೆ; ತಮ್ಮನ ಓದು ಈಕೆಯ ನೌಕರಿಯನ್ನು ನಂಬಿದೆ.

ಆ ಕಛೇರಿಯಲ್ಲಿ ಒಬ್ಬ ಹಿರಿಯ ಗುಮಾಸ್ತರಿದ್ದಾರಂತೆ. ಮುವ್ವತ್ತು ವರ್ಷಗಳ ಅನುಭವವುಳ್ಳವರು. ಈಕೆ ಒಯ್ದ ಕಾಗದಗಳನ್ನು ಅವರು ಕೈಗೆ ಕೊಡುವುದಿಲ್ಲ, ಮೇಜಿನ ಮೇಲೆ ಎಸೆಯುತ್ತಾರೆ. ಏನಾದರೂ ಕೇಳಹೋದರೆ ಎಲ್ಲರೆದುರಿಗೆ ಗದರುತ್ತಾರೆ. ಒಂದು ದಿನ ಮಧ್ಯಾಹ್ನ ಈಕೆ ರೊಟ್ಟಿಯ ಬುತ್ತಿಯನ್ನು ಬಿಚ್ಚದೆ ಹಾಗೆಯೇ ಮನೆಗೆ ಮರಳಿ ತಂದರಂತೆ. ತಾಯಿ ಕೇಳಿದಾಗ ಹಸಿವಿರಲಿಲ್ಲವೆಂದು ಸುಳ್ಳು ಹೇಳಿದರಂತೆ. ಪತ್ರದ ಕೊನೆಯಲ್ಲಿ ಅವರು ಕೇಳಿರುವ ಪ್ರಶ್ನೆ ಇದು: ನೌಕರಿಯನ್ನು ಬಿಟ್ಟುಬಿಡಲೇ, ಇಲ್ಲವೇ ನಾನೂ ಅವರಂತೆಯೇ ಒರಟಳಾಗಲೇ? ಮೂರನೆಯ ದಾರಿಯೊಂದು ಇದ್ದರೆ ತಿಳಿಸುವಿರಾ?

ಇಂಥ ಪ್ರಶ್ನೆ ಈ ಸೋದರಿ ಒಬ್ಬರದೇ ಅಲ್ಲ. ದುಡಿದು ಬದುಕುವ ಮನುಷ್ಯ ಎಚ್ಚರವಿರುವ ಹೊತ್ತಿನ ಬಹುಪಾಲನ್ನು ಕಳೆಯುವುದು ಹೆಂಡತಿ ಮಕ್ಕಳೊಡನೆಯಲ್ಲ, ಜತೆಗೆ ಕೆಲಸ ಮಾಡುವವರೊಡನೆ. ಅವರನ್ನು ನಾವು ಆರಿಸಿಕೊಂಡಿರುವುದಿಲ್ಲ. ಅವರೂ ನಮ್ಮನ್ನು ಆರಿಸಿಕೊಂಡಿರುವುದಿಲ್ಲ. ಅವರಲ್ಲಿ ಒಬ್ಬರ ನಡತೆ ನಮಗೆ ನೋವುಂಟುಮಾಡಿದ ಕೂಡಲೇ ನಾವು ಅವರಿಗೊಂದು ಹೆಸರಿಡುತ್ತೇವೆ. ಗಟ್ಟಿಯಾಗಿ ಮಾತಾಡಿದವನು ಒರಟ. ಮಾತೇ ಆಡದವನು ಸೊಕ್ಕಿನವ. ಕೈ ನಿಧಾನವಾದವನು ಸೋಮಾರಿ. ಹೆಸರಿಟ್ಟ ಮೇಲೆ ನಮ್ಮ ವಿಚಾರಣೆ ಮುಗಿಯುತ್ತದೆ. ಆ ಮನುಷ್ಯ ಏಕೆ ಹಾಗೆ ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ಸೋದರಿಗೆ ಉತ್ತರ ಬರೆಯುವ ಮೊದಲು ನಮ್ಮದೇ ಒಂದು ತಪ್ಪನ್ನು ವಾಚಕರ ಮುಂದಿಡಬೇಕೆನಿಸುತ್ತದೆ. ಅದು ನಡೆದು ನಾಲ್ಕು ದಶಕಗಳಿಗೂ ಮೇಲಾಯಿತು. ಆದರೂ ಒರಟನೆಂದು ಯಾರನ್ನಾದರೂ ಕರೆಯಲು ಬಾಯಿ ತೆರೆದಾಗಲೆಲ್ಲ ಅದು ನೆನಪಿಗೆ ಬರುತ್ತದೆ.

ಸೊಲ್ಲಾಪುರ ಆಗ ಗಿರಣಿಗಳ ಊರು. 1877ರಲ್ಲಿ ಹಳೆಯ ಗಿರಣಿ ಕೆಲಸ ಆರಂಭಿಸಿದಂದಿನಿಂದ ಈ ನಗರದ ಜನ ಗಡಿಯಾರಕ್ಕಿಂತ ಗಿರಣಿಯ ಭೋಂಗಾವನ್ನೇ ಹೆಚ್ಚು ನಂಬಿದವರು. ಭೋಂಗಾ ಕೂಗಿದಾಗ ಏಳುವುದು, ಭೋಂಗಾ ಕೂಗಿದಾಗ ಬುತ್ತಿ ಕಟ್ಟುವುದು. ಕನ್ನಡ, ಮರಾಠಿ, ತೆಲುಗು, ಉರ್ದು ಎಂಬ ನಾಲ್ಕು ಭಾಷೆಗಳ ಜನ ಒಂದೇ ಬಾಗಿಲಿನಿಂದ ಒಳಗೆ ಹೋಗುತ್ತಿದ್ದರು. 1981ರಲ್ಲಿ ನಾವು ಅಂಥದೊಂದು ಗಿರಣಿಯ ಹಾಜರಿ ಕಛೇರಿಯಲ್ಲಿ ಗುಮಾಸ್ತರಾಗಿ ಸೇರಿದೆವು. ವಯಸ್ಸು ಇಪ್ಪತ್ತೆರಡು. ತಂತಿ ಜಾಳಿಗೆಯ ಕಿಟಕಿಯ ಹಿಂದೆ ಕುಳಿತು, ಸಾಲಿನಲ್ಲಿ ಬಂದವರ ಬಿಲ್ಲೆ ಸಂಖ್ಯೆ ಮತ್ತು ಪಾಳಿಯನ್ನು ಕೇಳಿ ದಪ್ಪ ಪುಸ್ತಕದಲ್ಲಿ ಬರೆದುಕೊಳ್ಳುವುದು ನಮ್ಮ ಕೆಲಸ. ಸಾಲು ಉದ್ದ, ಹೊತ್ತು ಕಡಿಮೆ. ತಲೆಯೆತ್ತಿ ಯಾರ ಮುಖವನ್ನೂ ನೋಡುವ ಪದ್ಧತಿ ಇರಲಿಲ್ಲ.

ಮಗ್ಗದ ಖಾತೆಯಲ್ಲಿ ಒಬ್ಬ ಹಿರಿಯ ನೇಕಾರರಿದ್ದರು. ಮಂಗಳವೇಢೆಯ ಕಡೆಯ ಮರವಡೆಯಿಂದ ಹೊಟ್ಟೆಪಾಡಿಗಾಗಿ ಬಂದು ನಗರದಲ್ಲಿ ನೆಲೆಸಿದ ಕನ್ನಡಿಗರು. ಅವರ ದನಿಯನ್ನು ಕೇಳಿ ಸಾಲಿನವರೆಲ್ಲ ನಗುತ್ತಿದ್ದರು, ಅಷ್ಟು ಗಟ್ಟಿ. ಒಂದು ಮುಂಜಾನೆ ಅವರು ಕಿಟಕಿಗೆ ಬಂದಾಗ ನಾವು ಪುಸ್ತಕದ ಮೇಲೆ ಬಗ್ಗಿದಂತೆಯೇ, “ಯಾವ ಪಾಳಿ?” ಎಂದು ಕೇಳಿದೆವು. ಉತ್ತರವಿಲ್ಲ. ಎರಡನೆಯ ಸಲ ಕೇಳಿದೆವು. ಮೂರನೆಯ ಸಲ ತುಸು ಬೇಸರದಿಂದ ಕೇಳಿದೆವು. ಆಗ ಅವರು ಕಿಟಕಿ ನಡುಗುವಂತೆ ಕೂಗಿದರು: “ನನಗ್ಯಾವ ಚಾಳಿ ಐತೋ ತಮ್ಮಾ? ಎಲಿ ಅಡಿಕಿ ಸೈತ ಮುಟ್ಟಿದಾಂವ ಅಲ್ಲ ನಾ!”

ಸಾಲಿಗೆ ಸಾಲೇ ನಕ್ಕಿತು. ನಾವು ಕೇಳಿದ್ದೊಂದು, ಅವರು ಹೇಳಿದ್ದೊಂದು. ಎಲ್ಲರೆದುರಿಗೆ ನಮ್ಮನ್ನು ಹಾಸ್ಯ ಮಾಡಿದರೆಂದೇ ನಮಗನಿಸಿತು. ಹೊಸ ನೌಕರಿಯ ಬಿಸಿ ಬೇರೆ. ಅಂದೇ ವರದಿಯ ಕಾಗದ ತೆಗೆದು, ‘ಕರ್ತವ್ಯನಿರತ ಸಿಬ್ಬಂದಿಯೊಡನೆ ಉದ್ಧಟತನ’ ಎಂದು ದುಂಡಗಿನ ಅಕ್ಷರಗಳಲ್ಲಿ ಬರೆದು ಮೇಲಿನವರಿಗೆ ಕಳಿಸಿದೆವು. ಅವರಿಗೆ ಮೂರು ದಿನ ಕೆಲಸವಿಲ್ಲವೆಂದಾಯಿತು. ಮೂರು ದಿನದ ಪಗಾರವೂ ಹೋಯಿತು. ಆ ಬಳಿಕ ಅವರು ಕಿಟಕಿಗೆ ಬಂದಾಗ ಬಾಯಿಯನ್ನೇ ತೆರೆಯುತ್ತಿರಲಿಲ್ಲ. ಬಿಲ್ಲೆಯನ್ನು ಮುಂದೆ ಸರಿಸುವರು, ಪಕ್ಕದ ಹುಡುಗನೊಬ್ಬ ಅವರ ಪರವಾಗಿ ಪಾಳಿಯನ್ನು ಹೇಳುವನು. ಪಾಠ ಕಲಿತರು ಎಂದು ನಾವು ಒಳಗೊಳಗೇ ಹಿಗ್ಗಿದೆವು.

ಮರುವರ್ಷದ ಸಂಕ್ರಾಂತಿಗೆ ಸಿದ್ಧೇಶ್ವರನ ಜಾತ್ರೆ ಬಂದಿತು. ಏಳು ನಂದಿಧ್ವಜಗಳ ಮೆರವಣಿಗೆ ನೋಡಿಕೊಂಡು ಹೋಮ ಮೈದಾನದ ಕಡೆಗೆ ನಡೆಯುತ್ತಿರುವಾಗ ಒಂದು ಆಟಿಕೆಯ ಅಂಗಡಿಯ ಮುಂದೆ ಅದೇ ಹಿರಿಯರು ಕುಕ್ಕುರುಗಾಲಿನಲ್ಲಿ ಕುಳಿತಿದ್ದರು. ಎದುರಿಗೆ ಐದಾರು ವರ್ಷದ ಮೊಮ್ಮಗಳು. ಆ ಮಗು ಎರಡೂ ಕೈಗಳಿಂದ ಅಜ್ಜನ ಗಲ್ಲವನ್ನು ಹಿಡಿದು, ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಒಂದೊಂದೇ ಮಾತನ್ನು ತುಟಿ ಅಗಲಿಸಿ ನಿಧಾನವಾಗಿ ಆಡುತ್ತಿತ್ತು. ಅಜ್ಜ ಗಟ್ಟಿಯಾಗಿ ಉತ್ತರ ಕೊಟ್ಟರೆ ಅಂಗೈಯನ್ನು ಕೆಳಕ್ಕೆ ಒತ್ತಿದಂತೆ ಮಾಡಿ ತೋರಿಸುತ್ತಿತ್ತು. ಅವರು ಕೂಡಲೇ ದನಿಯನ್ನು ಇಳಿಸುತ್ತಿದ್ದರು. ನಾವು ನಿಂತು ನೋಡುತ್ತಿರುವುದನ್ನು ಕಂಡು ಆ ಮಗು, “ಅಜ್ಜಗ ಕಿವಿ ಕೇಳಂಗಿಲ್ರೀ. ಮಾರಿ ನೋಡಿ ಮಾತಾಡಬೇಕ್ರೀ” ಎಂದಿತು.

ನಮ್ಮ ಕಾಲಡಿಯ ನೆಲ ಕುಸಿದಂತಾಯಿತು. ನಾವು ಕೇಳಿದ್ದು ಪಾಳಿ. ಅವರಿಗೆ ಕೇಳಿಸಿದ್ದು ಚಾಳಿ. ನಿನಗೆ ಯಾವ ಕೆಟ್ಟ ಚಾಳಿಯಿದೆ ಎಂದು ಮೊಮ್ಮಗನ ವಯಸ್ಸಿನ ಗುಮಾಸ್ತ ಮೂರು ಸಲ ಎಲ್ಲರೆದುರಿಗೆ ಕೇಳಿದರೆ, ಮರ್ಯಾದೆಯಿಂದ ಬಾಳಿದ ಯಾವ ಮನುಷ್ಯ ತಾನೇ ಕೂಗದೆ ಇದ್ದಾನು? ಅಂದು ತಲೆಯೆತ್ತಿ ಅವರ ಮುಖ ನೋಡಿ ಕೇಳಿದ್ದರೆ ಸಾಕಾಗುತ್ತಿತ್ತು. ‘ಪ’ಕಾರವನ್ನು ನುಡಿಯುವಾಗ ತುಟಿಗಳು ಕೂಡುತ್ತವೆ, ‘ಚ’ಕಾರಕ್ಕೆ ಕೂಡುವುದಿಲ್ಲ, ಅಷ್ಟನ್ನು ಅವರ ಕಣ್ಣು ಓದುತ್ತಿತ್ತು. ನಾವು ಅವರಿಗೆ ಆ ಅವಕಾಶವನ್ನೇ ಕೊಟ್ಟಿರಲಿಲ್ಲ.

ಮಗ್ಗದ ಮನೆಗಳಲ್ಲಿ ದುಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಲಾಳಿ ಬಡಿಯುವ ಯಂತ್ರಮಗ್ಗಗಳ ಸಾಲಿನಲ್ಲಿ ಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯ. ದಿನಕ್ಕೆ ಎಂಟು ತಾಸಿನಂತೆ ವರ್ಷಾನುಗಟ್ಟಲೆ 85 ಡೆಸಿಬೆಲ್‌ಗಿಂತ ಮೇಲಿನ ಸದ್ದಿಗೆ ಕಿವಿಯೊಡ್ಡಿದರೆ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ನಾಶವಾಗುತ್ತವೆ. ಮನುಷ್ಯನಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ತಾರಸ್ವರಗಳನ್ನು ಹಿಡಿಯುವ ಶಕ್ತಿ. ಆ, ಈ, ಊ ಮುಂತಾದ ಸ್ವರಗಳು ಬಲವಾಗಿ ಕೇಳಿಸುತ್ತವೆ. ಸ, ಶ, ತ, ಕ, ಪ ಮುಂತಾದ ವ್ಯಂಜನಗಳು ಮಸುಕಾಗುತ್ತವೆ. ಸಾಲ, ಕಾಲ, ಪಾಲ ಎಲ್ಲವೂ ಒಂದೇ ಆಗಿಬಿಡುತ್ತವೆ. ಆದುದರಿಂದ ಅಂಥವರಿಗೆ ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ. ಸುತ್ತಲಿನವರು, ‘ಬೇಕಾದದ್ದು ಕೇಳಿಸುತ್ತದೆ, ಬೇಡವಾದದ್ದು ಕೇಳಿಸುವುದಿಲ್ಲ’ ಎಂದು ಮೂದಲಿಸುತ್ತಾರೆ. ತಮ್ಮ ದನಿಯೇ ತಮಗೆ ಸರಿಯಾಗಿ ಕೇಳಿಸದೆ ಅವರು ಗಟ್ಟಿಯಾಗಿ ಮಾತಾಡುತ್ತಾರೆ. ಜನ ಅದನ್ನು ಸಿಟ್ಟೆಂದು ತಿಳಿಯುತ್ತಾರೆ. ಇಂಗ್ಲೆಂಡಿನ ಲ್ಯಾಂಕಾಶೈರಿನ ನೇಕಾರ ಹೆಂಗಸರು ಮಗ್ಗದ ಸದ್ದಿನಲ್ಲಿ ತುಟಿಯ ಚಲನೆಯಿಂದಲೇ ಪರಸ್ಪರ ಮಾತಾಡುವುದನ್ನು ರೂಢಿಸಿಕೊಂಡಿದ್ದರಂತೆ. ನಮ್ಮ ನೇಕಾರರೂ ಆ ವಿದ್ಯೆಯನ್ನು ಬಲ್ಲರು. ಅರಿಯದವರು ನಾವು, ಕಿಟಕಿಯ ಈಚೆಗಿದ್ದವರು.

1700ರಲ್ಲಿ ಇಟಲಿಯ ರಾಮಜ್ಜೀನಿ ಎಂಬ ವೈದ್ಯ, ಕಸುಬುಗಳಿಂದ ಬರುವ ರೋಗಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದ. ವೆನಿಸ್ ನಗರದಲ್ಲಿ ದಿನವಿಡೀ ತಾಮ್ರದ ಪಾತ್ರೆಗಳನ್ನು ಬಡಿಯುವವರು ಕಿವುಡರಾಗುವುದನ್ನು ಆತ ಅದರಲ್ಲಿ ಬರೆದಿದ್ದಾನೆ. ಆತ ವೈದ್ಯಲೋಕಕ್ಕೆ ಕೊಟ್ಟ ದೊಡ್ಡ ಕಾಣಿಕೆ ಒಂದು ಸಣ್ಣ ಪ್ರಶ್ನೆ. ರೋಗಿಯ ಬಳಿಗೆ ಹೋದಾಗ ಹಿಂದಿನವರು ಕೇಳುತ್ತಿದ್ದ ಪ್ರಶ್ನೆಗಳ ಜತೆಗೆ, ನೀನು ಮಾಡುವ ಕಸುಬು ಯಾವುದು ಎಂಬುದನ್ನೂ ಕೇಳಬೇಕೆಂದು ಆತ ಹೇಳಿದ. ಮುನ್ನೂರು ವರ್ಷಗಳ ಹಿಂದೆ ವೈದ್ಯರಿಗೆ ಹೇಳಿದ ಆ ಮಾತು ಇಂದು ಕಛೇರಿಯ ಮುಖ್ಯಸ್ಥರಿಗೂ, ಸಹೋದ್ಯೋಗಿಗಳಿಗೂ, ಮನೆಯವರಿಗೂ ಸಲ್ಲುತ್ತದೆ.

ಗಿರಣಿಯಿಂದಲೇ ಇನ್ನೊಂದು ಉದಾಹರಣೆ. ಹತ್ತಿಯನ್ನು ಬಿಡಿಸುವ ಮತ್ತು ಹಿಂಜುವ ಖಾತೆಗಳಲ್ಲಿ ದುಡಿಯುವ ಕೆಲವರು ವಾರದ ರಜೆಯ ಮರುದಿನ ಕೆಲಸಕ್ಕೆ ಬಂದರೆ ಕೆಲವೇ ತಾಸುಗಳಲ್ಲಿ ಮುಖ ಗಂಟಿಕ್ಕಿಕೊಳ್ಳುತ್ತಿದ್ದರು, ಕೈ ನಿಧಾನ ಮಾಡುತ್ತಿದ್ದರು, ಮಾತಾಡಿಸಿದರೆ ಸಿಡುಕುತ್ತಿದ್ದರು. ರಜೆಯ ದಿನ ಕುಡಿದದ್ದು ಇಳಿದಿಲ್ಲವೆಂದು ಮೇಲಿನವರು ಹೇಳುವರು. ನಿಜವಾದ ಕಾರಣ ಹತ್ತಿಯ ಧೂಳು. ಒಂದು ದಿನ ಧೂಳಿನಿಂದ ದೂರವಿದ್ದು ಮರಳಿ ಒಳಹೊಕ್ಕಾಗ ಎದೆ ಬಿಗಿಯುತ್ತದೆ, ಉಸಿರು ಕಟ್ಟುತ್ತದೆ. ವಾರ ಮುಂದುವರಿದಂತೆ ತುಸು ಸಡಿಲಾಗುತ್ತದೆ. ವರ್ಷಗಳು ಕಳೆದಂತೆ ಅದು ಎಲ್ಲ ದಿನಗಳ ಸಂಗಾತಿಯಾಗುತ್ತದೆ. ವೈದ್ಯರು ಇದನ್ನು ಬಿಸಿನೋಸಿಸ್ ಎನ್ನುತ್ತಾರೆ. 1950ರ ದಶಕದಲ್ಲಿ ರಿಚರ್ಡ್ ಶಿಲ್ಲಿಂಗ್ ಎಂಬ ವೈದ್ಯರು ಲ್ಯಾಂಕಾಶೈರಿನ ಹತ್ತಿ ಗಿರಣಿಗಳ ಕೆಲಸಗಾರರನ್ನು ಪರೀಕ್ಷಿಸಿ, ರಜೆಯ ಮರುದಿನ ಎದೆ ಬಿಗಿಯುವುದೇ ಎಂಬ ಪ್ರಶ್ನೆಯಿಂದಲೇ ಈ ರೋಗದ ಹಂತಗಳನ್ನು ಗುರುತಿಸಿದರು. ನಮ್ಮ ದೇಶದ 1948ರ ಕಾರ್ಖಾನೆ ಕಾಯಿದೆಯೂ ಮುಂದೆ ತನ್ನ ರೋಗಪಟ್ಟಿಯಲ್ಲಿ ಇದನ್ನೂ ಸದ್ದಿನಿಂದ ಬರುವ ಕಿವುಡನ್ನೂ ಸೇರಿಸಿಕೊಂಡಿತು. ಸೋಮಾರಿ, ಕುಡುಕ ಎಂದು ಹೆಸರಿಡುತ್ತಿದ್ದವರು ಅಂಥ ಒಬ್ಬನನ್ನಾದರೂ ಕರೆದು, ಎದೆಯಲ್ಲಿ ಏನಾಗುತ್ತಿದೆ ಎಂದು ಕೇಳಿದ್ದರೆ!

ಎಲ್ಲ ಸಂಕಟಗಳೂ ದೇಹದವೇ ಆಗಿರಬೇಕಾಗಿಲ್ಲ. ಗಡಿಯಲ್ಲಿ ಬಾಳುವ ನಮಗೆ ಭಾಷೆಯದೊಂದು ಸಂಕಟವಿದೆ. ಕನ್ನಡದಲ್ಲಿ ಅನ್ನವೂ ‘ಅದು’, ರೊಟ್ಟಿಯೂ ‘ಅದು’, ಹಾಲೂ ‘ಅದು’. ಮರಾಠಿಯಲ್ಲಿ ಭಾತ ಪುಲ್ಲಿಂಗ, ಭಾಕರಿ ಸ್ತ್ರೀಲಿಂಗ, ದೂಧ ನಪುಂಸಕಲಿಂಗ. ಹಳ್ಳಿಯ ಕನ್ನಡ ಶಾಲೆಯಿಂದ ಬಂದ ಹುಡುಗ ಹುಡುಗಿಯರು ಕಛೇರಿಯಲ್ಲಿ ಲಿಂಗ ತಪ್ಪಿ ಒಂದು ಮಾತಾಡಿ, ನಾಲ್ವರು ನಕ್ಕರೆಂದರೆ ಮುಗಿಯಿತು. ಮುಂದೆ ಹೌದು, ಇಲ್ಲ ಎಂಬೆರಡೇ ಮಾತುಗಳಲ್ಲಿ ದಿನ ಕಳೆಯುತ್ತಾರೆ. ತಪ್ಪಾದೀತೆಂಬ ಭಯದಿಂದ ಅವರು ಬಾಯಿ ಮುಚ್ಚಿರುತ್ತಾರೆ. ಎದುರಿನವರು ಅದನ್ನು ಗರ್ವವೆಂದು ಓದುತ್ತಾರೆ. ಇದೇ ಮಾತು ನಮ್ಮ ಕನ್ನಡ ಶಾಲೆಗಳಲ್ಲಿಯೂ ಅಂಗಡಿಗಳಲ್ಲಿಯೂ ಕೆಲಸಕ್ಕೆ ಬರುವ ಅನ್ಯಭಾಷಿಕರಿಗೂ ಸಲ್ಲುತ್ತದೆ. ಅವರ ತೊದಲು ಕನ್ನಡಕ್ಕೆ ನಾವು ನಗುವಾಗ ಇದನ್ನು ನೆನೆಯಬೇಕು.

ಇನ್ನು ಮೇಲಿನಿಂದ ಕೆಳಕ್ಕೆ ಹರಿಯುವ ಸಿಟ್ಟಿನ ವಿಷಯ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ನಮ್ಮ ನಗರದಲ್ಲಿ ಮನೆಮನೆಯಲ್ಲಿ ಹೆಂಗಸರು ಬೀಡಿ ಕಟ್ಟುತ್ತಾರೆ. ಸಾವಿರ ಬೀಡಿಗೆ ಇಷ್ಟೆಂದು ಕೂಲಿ. ಕಟ್ಟಿದ ಬೀಡಿಗಳನ್ನು ಒಯ್ದು ಒಪ್ಪಿಸುವಲ್ಲಿ ತಪಾಸಣೆ ಮಾಡುವವನು ಸರಿಯಿಲ್ಲವೆಂದು ಹಿಡಿಹಿಡಿಯಾಗಿ ತೆಗೆದುಹಾಕುವಾಗ ಆತನಷ್ಟು ಕ್ರೂರಿ ಇನ್ನೊಬ್ಬನಿಲ್ಲವೆನಿಸುತ್ತದೆ. ಆದರೆ ಎಷ್ಟು ಎಲೆ, ಎಷ್ಟು ತಂಬಾಕು ಕೊಟ್ಟೆ, ಎಷ್ಟು ಬೀಡಿ ಬಂತು ಎಂಬ ಲೆಕ್ಕವನ್ನು ಆತನೂ ಮೇಲೆ ಒಪ್ಪಿಸಬೇಕಾದವನೇ. ಆತನಿಗೆ ಬಿದ್ದ ಮಾತು ಈಕೆಗೆ ಬೀಳುತ್ತದೆ. ಈಕೆಗೆ ಬಿದ್ದದ್ದು ಮನೆಯಲ್ಲಿ ಮಗುವಿನ ಬೆನ್ನಿಗೆ ಬೀಳುತ್ತದೆ. ಈ ಸರಪಳಿಯ ಒಂದು ಕೊಂಡಿಯನ್ನಷ್ಟೇ ನೋಡಿ ನಾವು ಮನುಷ್ಯನನ್ನು ಅಳೆಯುತ್ತೇವೆ.

ಸೊನ್ನಲಿಗೆಯ ಸಿದ್ಧರಾಮನ ನೆಲದಲ್ಲಿರುವ ನಮಗೆ ಈ ವಿಷಯದಲ್ಲಿ ಒಂದು ಹಳೆಯ ಪ್ರಸಂಗ ನೆನಪಾಗಬೇಕು. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮ ಇಲ್ಲಿ ಕೆರೆಯನ್ನು ತೋಡಿಸುತ್ತಿದ್ದಾಗ ಅಲ್ಲಮಪ್ರಭು ಬಂದ ಕಥೆಯನ್ನು ಶೂನ್ಯಸಂಪಾದನೆ ಹೇಳುತ್ತದೆ. ಬಂದವನು ನಮಸ್ಕಾರವನ್ನಲ್ಲ, ನಿಮ್ಮ ಒಡ್ಡರಾಮನೆಲ್ಲಿ ಎಂಬ ಬಿರುನುಡಿಯನ್ನು ತಂದ. ತಮ್ಮ ಗುರುವನ್ನು ಹಾಗೆ ಕರೆದುದನ್ನು ಕೇಳಿ ಕೆಲಸದವರು ಕೆರಳಿ ಅಲ್ಲಮನ ಮೇಲೆ ಕಲ್ಲುಗಳನ್ನು ಎಸೆದರು. ಸುದ್ದಿ ತಿಳಿದ ಸಿದ್ಧರಾಮನೂ ಮೊದಲು ಕೋಪಗೊಂಡೇ ಬಂದ. ಕೆಲಸದವರ ಕಲ್ಲಿನ ಹಿಂದೆ ಗುರುಭಕ್ತಿಯಿತ್ತು; ಅಲ್ಲಮನ ಕಟುನುಡಿಯ ಹಿಂದೆ ಸಿದ್ಧರಾಮನನ್ನು ಮುಂದಕ್ಕೆ ಕರೆದೊಯ್ಯುವ ಹಂಬಲವಿತ್ತು. ಆದರೆ ಹೊರಗೆ ಕಂಡದ್ದು ಬೈಗುಳ ಮತ್ತು ಕಲ್ಲು. ಸಿದ್ಧರಾಮನ ಹಿರಿಮೆಯಿರುವುದು ಆತ ಕೋಪಗೊಳ್ಳಲಿಲ್ಲ ಎಂಬುದರಲ್ಲಿ ಅಲ್ಲ. ಕೋಪದ ಬಳಿಕವೂ ನಿಂತು ಮಾತಿಗೆ ಮಾತು ಕೊಟ್ಟು, ಎದುರಿನವನನ್ನು ಪೂರ್ತಿಯಾಗಿ ಆಲಿಸಿದ; ಕೊನೆಗೆ ಅವನೊಡನೆಯೇ ಕಲ್ಯಾಣಕ್ಕೆ ನಡೆದ. ಇದು ನಡೆದದ್ದು ಮಠದಲ್ಲಲ್ಲ, ಮಣ್ಣು ಹೊರುವ ಕೆಲಸದ ಜಾಗದಲ್ಲಿ ಎಂಬುದನ್ನು ಗಮನಿಸಬೇಕು.

ನಮ್ಮ ನುಡಿಯಲ್ಲಿ ‘ಕೇಳು’ ಎಂಬ ಒಂದೇ ಶಬ್ದಕ್ಕೆ ಎರಡು ಅರ್ಥಗಳಿವೆ. ಪ್ರಶ್ನಿಸುವುದೂ ಕೇಳುವುದೇ, ಆಲಿಸುವುದೂ ಕೇಳುವುದೇ. ಹಾಜರಿ ಕಿಟಕಿಯ ಹಿಂದೆ ನಾವು ಮೂರು ಸಲ ಕೇಳಿದೆವು, ಮೊದಲನೆಯ ಅರ್ಥದಲ್ಲಿ ಮಾತ್ರ. ಎರಡನೆಯ ಅರ್ಥದಲ್ಲಿ ಒಮ್ಮೆ ಕೇಳಿದ್ದರೆ ಒಬ್ಬ ಮರ್ಯಾದಸ್ಥರ ಮೂರು ದಿನದ ಅನ್ನ ಉಳಿಯುತ್ತಿತ್ತು. ಸೋದರಿ ಕೇಳಿದ ಮೂರನೆಯ ದಾರಿ ಇದೇ ಎಂದು ನಮ್ಮ ಭಾವನೆ.

ಆ ದಾರಿಯಲ್ಲಿ ನಡೆಯುವ ಬಗೆ ಕಷ್ಟವಾದುದೇನೂ ಅಲ್ಲ. ಸಿಟ್ಟು ಕಾದಿರುವಾಗ ಕೇಳಬಾರದು. ಹೊತ್ತು ನೋಡಿ ಕೇಳಬೇಕು. ಎಲ್ಲರೆದುರಿಗೆ ಕೇಳಬಾರದು, ಇಬ್ಬರೇ ಇರುವಾಗ ಕೇಳಬೇಕು. ನೀವು ಏಕೆ ಹೀಗೆ ಮಾಡುತ್ತೀರಿ ಎಂದರೆ ಅದು ಆರೋಪವಾಗುತ್ತದೆ; ನನ್ನಿಂದ ಏನಾದರೂ ತೊಂದರೆಯಾಗುತ್ತಿದೆಯೇ ಎಂದರೆ ಬಾಗಿಲು ತೆರೆಯುತ್ತದೆ. ಉತ್ತರ ಬಾರದಿದ್ದರೆ ಒತ್ತಾಯಿಸಬಾರದು. ತಮ್ಮ ಮನೆಯ ಕಷ್ಟವನ್ನು ಹೊರಗಿನವರಿಗೆ ಹೇಳಿಕೊಳ್ಳದಿರುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಯಾರಾದರೂ ಮನಸ್ಸು ಬಿಚ್ಚಿ ಹೇಳಿಕೊಂಡರೆ ಆ ಮಾತನ್ನು ಚಹದಂಗಡಿಗೆ ಒಯ್ಯಬಾರದು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಅರಿತುಕೊಳ್ಳುವುದು ಬೇರೆ, ಸಹಿಸಿಕೊಳ್ಳುವುದು ಬೇರೆ. ಕಾರಣವಿದೆ ಎಂದ ಮಾತ್ರಕ್ಕೆ ಅನ್ಯಾಯ ನ್ಯಾಯವಾಗುವುದಿಲ್ಲ. ಬೀಡಿ ಕಟ್ಟುವವರ ರಕ್ಷಣೆಗೆ 1966ರಲ್ಲಿ ಕಾಯಿದೆ ಬಂದುದು, ತಿರಸ್ಕರಿಸಿದ ಬೀಡಿಗಳ ವ್ಯಾಜ್ಯವನ್ನು ತೀರಿಸಲು ಅದರಲ್ಲಿ ಏರ್ಪಾಡು ಮಾಡಿದ್ದು, ಅನುಕಂಪವೊಂದೇ ಸಾಲದೆಂಬುದಕ್ಕಾಗಿಯೇ. ಕೆಲಸದ ಸ್ಥಳದಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳವಾದರೆ ವಿಚಾರಿಸಲು ಹತ್ತು ಅಥವಾ ಹೆಚ್ಚು ಜನ ದುಡಿಯುವ ಪ್ರತಿಯೊಂದು ಸಂಸ್ಥೆಯಲ್ಲಿ ಒಂದು ಸಮಿತಿ ಇರಲೇಬೇಕೆಂದು 2013ರ ಕಾಯಿದೆ ವಿಧಿಸಿದೆ. ಅಂಥ ಕಡೆ ಕೈಮಾಡುವವನ, ಮೈಮುಟ್ಟುವವನ ಕಷ್ಟವೇನೆಂದು ಹುಡುಕುತ್ತ ಕೂರುವುದು ಸೋದರಿಯರ ಹೊಣೆಯಲ್ಲ. ದೂರು ಕೊಡುವುದೇ ಸರಿಯಾದ ದಾರಿ. ಸಂಕಟದಿಂದ ಸಿಡುಕುವವರನ್ನೂ, ಬಲವಿದೆಯೆಂದು ತುಳಿಯುವವರನ್ನೂ ಬೇರ್ಪಡಿಸಿ ನೋಡಬೇಕು. ಹಾಗೆ ನೋಡುವುದಕ್ಕೂ ಮೊದಲು ಕೇಳಿ ತಿಳಿಯಬೇಕಾಗುತ್ತದೆ.

ಈ ಅಭಿಪ್ರಾಯವನ್ನು ಸಂಕ್ಷೇಪವಾಗಿ ಸೋದರಿಗೆ ಬರೆದು ಕಳಿಸಿದ್ದೆವು. ಈಚೆಗೆ ಅವರ ಎರಡನೆಯ ಪತ್ರ ಬಂದಿದೆ. ಒಂದು ಸಂಜೆ ಕಛೇರಿ ಬರಿದಾಗುತ್ತಿರುವಾಗ ಅವರು ಆ ಹಿರಿಯರ ಮೇಜಿನ ಬಳಿಗೆ ಹೋಗಿ, ತಮಗೆ ತಿಳಿದಷ್ಟು ಮರಾಠಿಯಲ್ಲಿ ಲಿಂಗ ವಚನಗಳ ಚಿಂತೆ ಬಿಟ್ಟು ಕೇಳಿದರಂತೆ. ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, ಎದುರಿನ ಗಣಕಯಂತ್ರವನ್ನು ತೋರಿಸಿದರಂತೆ. ಮುವ್ವತ್ತು ವರ್ಷ ಕಿರ್ದಿ ಖಾತೆಗಳನ್ನು ಕೈಬರಹದಲ್ಲಿ ಒಂದು ಪೈಸೆ ತಪ್ಪದಂತೆ ಇಟ್ಟವರು ಅವರು. ಈಗ ಆ ಪರದೆಯ ಮೇಲಿನ ಸಣ್ಣ ಅಕ್ಷರಗಳು ಕಣ್ಣಿಗೆ ಹತ್ತುವುದಿಲ್ಲ. ಯಾವ ಗುಂಡಿಯನ್ನು ಒತ್ತಬೇಕೆಂಬುದು ನೆನಪಿನಲ್ಲಿ ನಿಲ್ಲುವುದಿಲ್ಲ. ಕಿರಿಯರನ್ನು ಕೇಳಲು ನಾಚಿಕೆ. ಈಕೆ ಕಾಗದ ತಂದಾಗಲೆಲ್ಲ ತಮ್ಮ ಅರಿಯದಿರುವಿಕೆ ಬಯಲಾದೀತೆಂದು ಅಳುಕು. ಅದರ ಮೇಲೆ ಈಕೆ ಒಂದೆರಡು ಮಾತಿನಲ್ಲಿ ಉತ್ತರ ಕೊಟ್ಟು ಸರಿಯುವುದನ್ನು ಕಂಡು, ಓದಿದ ಹುಡುಗಿ ತಮ್ಮನ್ನು ಕೀಳಾಗಿ ಕಾಣುತ್ತಿದ್ದಾಳೆಂದು ಅವರು ತಿಳಿದಿದ್ದರಂತೆ!

ಈಗ ಮಧ್ಯಾಹ್ನದ ಬಿಡುವಿನಲ್ಲಿ ಈಕೆ ಅವರಿಗೆ ಗಣಕಯಂತ್ರದ ಅಕ್ಷರಗಳನ್ನು ದೊಡ್ಡದು ಮಾಡಿಕೊಟ್ಟು ಪಾಠ ಹೇಳುತ್ತಾರೆ. ಅವರು ಈಕೆಗೆ ಲೆಕ್ಕದ ಹಳೆಯ ಒಳಗುಟ್ಟುಗಳನ್ನು ಕಲಿಸುತ್ತಾರೆ. ಎಲ್ಲವೂ ಸರಿಹೋಯಿತೆಂದು ಸೋದರಿ ಬರೆದಿಲ್ಲ. ತಿಂಗಳ ಕೊನೆಯಲ್ಲಿ ಅವರು ಇನ್ನೂ ಗದರುತ್ತಾರಂತೆ. ‘ಆದರೆ ಈಗ ಬುತ್ತಿಯನ್ನು ಬಿಚ್ಚಿ ಉಣ್ಣುತ್ತೇನೆ’ ಎಂದು ಪತ್ರವನ್ನು ಮುಗಿಸಿದ್ದಾರೆ.

ನಮ್ಮ ಕಥೆಗೆ ಅಂಥ ಮುಗಿತಾಯ ಸಿಗಲಿಲ್ಲ. ಆ ಜಾತ್ರೆಯ ದಿನ ನಾವು ಆ ಹಿರಿಯರ ಮುಂದೆ ಕುಳಿತು, ಮುಖವೆತ್ತಿ, ಅವರ ಮೊಮ್ಮಗಳು ತೋರಿಸಿದಂತೆ ನಿಧಾನವಾಗಿ, “ತಪ್ಪಾತು ಕಾಕಾ” ಎಂದೆವು. “ಯಾವುದ ತಪ್ಪೋ ತಮ್ಮಾ?” ಎಂದು ಅವರು ನಕ್ಕರು. ವರದಿ ಬರೆದ ಕೈ ನಮ್ಮದೆಂದು ಅವರಿಗೆ ತಿಳಿದೇ ಇರಲಿಲ್ಲ. ಅದನ್ನು ಹೇಳುವ ಧೈರ್ಯ ಅಂದು ನಮಗೆ ಬರಲಿಲ್ಲ. ಮಗುವಿನ ಕೈಗೆ ಒಂದು ಗಿರಗಿಟ್ಲೆಯನ್ನು ಕೊಡಿಸಿ ಎದ್ದುಬಂದೆವು. ಮರುದಿನದಿಂದ ಹಾಜರಿ ಕಿಟಕಿಯಲ್ಲಿ ಅವರು ಬಂದಾಗಲೆಲ್ಲ ತಲೆಯೆತ್ತಿ ಕೇಳುತ್ತಿದ್ದೆವು. ಅವರು ಮೊದಲ ಸಲಕ್ಕೇ ಉತ್ತರ ಕೊಡುತ್ತಿದ್ದರು. ಆ ಗಿರಣಿ ಮುಚ್ಚಿತು. ಆ ಭೋಂಗಾ ಈಗ ಕೂಗುವುದಿಲ್ಲ. ಆ ಹಿರಿಯರೂ ಇಲ್ಲ. ಮೂರು ದಿನದ ಆ ಪಗಾರ ನಮ್ಮ ಲೆಕ್ಕದಲ್ಲಿ ಬಾಕಿಯಾಗಿಯೇ ಉಳಿದಿದೆ.

ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ನಾಳೆ ಕೆಲಸಕ್ಕೆ ಹೋದಾಗ, ನೀವು ಹೆಸರಿಟ್ಟು ಬದಿಗಿಟ್ಟ ಒಬ್ಬರು ಎದುರಾದರೆ, ಅವರನ್ನು ಒಮ್ಮೆ ಮುಖ ನೋಡಿ ಮಾತಾಡಿಸಿರಿ. ಅವರಿಗೆ ಕೇಳಿಸಿದ್ದು ಪಾಳಿಯೋ, ಚಾಳಿಯೋ, ಯಾರು ಬಲ್ಲರು?